ಮುಚ್ಚಳದತ್ತೆಯೂ ಸೊಸೆಯ ಇಪ್ಪತ್ತನಾಲ್ಕು ತಗಡುಗಳೂ

ಹೆಂಗಸರು ಕಣ್ಣಿನ ರೆಪ್ಪೆಗೆ ಹಸಿರು ತೀಡಿಕೊಳ್ಳುತ್ತಿದ್ದ ಕಾಲದ ಮಾತು ಇದು. ಮುಖ ನೋಡಿಕೊಳ್ಳುವುದಕ್ಕೆ ಗಾಜು ಇನ್ನೂ ಬಂದಿರಲಿಲ್ಲ. ಉಜ್ಜಿ ಉಜ್ಜಿ ನಿಂತ ನೀರಿನಂತೆ ಮಾಡಿದ ತಾಮ್ರದ ಬಿಲ್ಲೆಯೇ ಕನ್ನಡಿ. ಮೊಡವೆಗೆ, ಕಣ್ಣಿನ ಕೆಂಪಿಗೆ, ತುಟಿಯಂಚಿನ ಹುಣ್ಣಿಗೆ ಹಚ್ಚುತ್ತಿದ್ದದ್ದೂ ಅದೇ ತಾಮ್ರದ ಮೈಯಿಂದ ಎದ್ದ ಕಿಲುಬು. ಕೊಬ್ಬಿನಲ್ಲಿ ಕಲಸಿದರೆ ಅದು ಲೇಪ, ಅಂಟಿನ ನೀರಿನಲ್ಲಿ ಅರೆದರೆ ರೆಪ್ಪೆಬಣ್ಣ. ತಾಮ್ರವನ್ನೇ ಹಚ್ಚಿಕೊಂಡು ತಾಮ್ರದಲ್ಲೇ ಮುಖ ನೋಡಿ ನಗುತ್ತಿದ್ದ ಚೆಲುವೆಯರಿಗೆ ಆ ಹಸಿರು ಹುಟ್ಟುವುದೆಲ್ಲಿ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಅದು ಹುಟ್ಟುತ್ತಿದ್ದದ್ದು ಒಂದು ಇಕ್ಕಟ್ಟಾದ ಬೀದಿಯ ನೆಲಮಾಳಿಗೆಗಳಲ್ಲಿ. ಪ್ರತಿ ಮನೆಯ ಕೆಳಗೂ ಒಂದು ನೆಲಮಾಳಿಗೆ, ಅದರ ತುಂಬ ಸೊಂಟದೆತ್ತರದ ಮಣ್ಣಿನ ಗುಡಾಣಗಳು. ಗುಡಾಣದ ತಳದಲ್ಲಿ ಹುಳಿಬಂದ ಹಣ್ಣಿನ ಸಿಪ್ಪೆ, ಅದರ ಮೇಲೆ ಅಂಗೈಯಗಲದ ತಾಮ್ರದ ತಗಡುಗಳ ಸಾಲು, ಮತ್ತೆ ಸಿಪ್ಪೆ, ಮತ್ತೆ ತಗಡು. ಬಾಯಿಗೆ ಮುಚ್ಚಳ, ಮುಚ್ಚಳಕ್ಕೆ ಬಟ್ಟೆ, ಬಟ್ಟೆಗೆ ಹುರಿ. ಆಮೇಲೆ ಹತ್ತು ದಿನ ಅದನ್ನು ಮುಟ್ಟುವಂತಿಲ್ಲ. ಹನ್ನೆರಡು ದಿನ ಎಂದು ಹೇಳುವವರೂ ಇದ್ದಾರೆ. ಮುಟ್ಟುವಂತಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರ ಮಾತೂ ಒಂದೇ. ಒಳಗೆ ಕಾವು ಏರುತ್ತದೆ, ಹುಳಿ ಉಸಿರಾಡುತ್ತದೆ, ತಾಮ್ರ ಬೆವರುತ್ತದೆ. ಗಡುವು ಮುಗಿದು ಮುಚ್ಚಳ ತೆಗೆದರೆ ತಗಡಿನ ಮೇಲೆ ಎಳೆಯ ಪಾಚಿಯಂತೆ ಹಸಿರು ಎದ್ದಿರುತ್ತದೆ. ಹೆಂಗಸರು ಅದನ್ನು ಮೊಂಡು ಅಲಗಿನಿಂದ ಹೆರೆದು, ನಾದಿ, ಉಂಡೆ ಕಟ್ಟಿ ಒಣಗಿಸುತ್ತಿದ್ದರು. ಗಂಡಸರು ತಗಡು ಬಡಿಯುತ್ತಿದ್ದರು, ಉಂಡೆ ಹೊತ್ತು ಊರೂರಿಗೆ ಹೋಗಿ ಬಣ್ಣ ಅರೆಯುವವರಿಗೆ ಕೊಟ್ಟು ಬರುತ್ತಿದ್ದರು. ನೆಲಮಾಳಿಗೆಗೆ ಮಾತ್ರ ಇಳಿಯುವಂತಿರಲಿಲ್ಲ. “ಕಣ್ಣಿಗೆ ಹಚ್ಚಿದರೆ ಚೆಲುವು, ನಾಲಿಗೆಗೆ ಹಚ್ಚಿದರೆ ಸಾವು” ಎಂಬುದು ಆ ಬೀದಿಯ ಮಕ್ಕಳು ಮೊದಲು ಕಲಿಯುತ್ತಿದ್ದ ಮಾತು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಹೊಸದಾಗಿ ಬಡಿದ ತಾಮ್ರಕ್ಕೆ ಹಸಿರು ಬರುವುದಿಲ್ಲ. ಹಾಲಿಗೆ ಹೆಪ್ಪು ಹೇಗೋ ತಗಡಿಗೂ ಹಾಗೆ; ಹಳೆಯ ಹಸಿರನ್ನು ಮೈಗೆ ತಿಕ್ಕಿದರೆ ಮಾತ್ರ ಹೊಸದು ಏಳುತ್ತದೆ. ಹೆರೆಯುವಾಗಲೂ ಅಡಿಯಲ್ಲಿ ಒಂದು ತೆಳ್ಳನೆಯ ಪೊರೆ ಬಿಟ್ಟೇ ಹೆರೆಯಬೇಕು. ವರ್ಷ ಕಳೆದಂತೆ ಹೆಪ್ಪು ತಾಮ್ರದ ಒಳಕ್ಕೆ ಇಳಿಯುತ್ತದೆ. ಅದಕ್ಕೇ ಆ ಬೀದಿಯಲ್ಲಿ ಹೆಣ್ಣಿನ ಜೊತೆಗೆ ಒಡವೆ ಬರುತ್ತಿರಲಿಲ್ಲ, ತಗಡು ಬರುತ್ತಿತ್ತು. ತಾಯಿಯ ಗುಡಾಣದಲ್ಲಿ ಹೆಪ್ಪು ಹಿಡಿದ ಇಪ್ಪತ್ತನಾಲ್ಕು ತಗಡು. ಅತ್ತೆಮನೆಯಲ್ಲಿ ಅವನ್ನು ಬೇರೆಯೇ ಗುಡಾಣದಲ್ಲಿ ಹೂಡಿ ಮೂರು ಸುತ್ತು ನೋಡುತ್ತಿದ್ದರು. ಮೂರರಲ್ಲಿ ಒಂದು ಸುತ್ತಿಗಾದರೂ ಹಸಿರೆದ್ದರೆ ಸೊಸೆ ಮನೆಯವಳು. ಮೂರೂ ಸುತ್ತು ತಗಡು ಮೂಕವಾದರೆ, “ಸರಿಯಾದದ್ದನ್ನು ತಗೊಂಡು ಬಾ” ಎಂದು ತಗಡಿನ ಜೊತೆಗೆ ಅವಳನ್ನೂ ತವರಿಗೆ ಕಳಿಸುತ್ತಿದ್ದರು. ಹಾಗೆ ಹೋದವರು ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಈ ಬೀದಿಯ ನಡುಮನೆಯಲ್ಲಿ ಒಬ್ಬ ಅತ್ತೆ ಇದ್ದಳು. ಅವಳನ್ನು ಬೀದಿಯವರು ಮುಚ್ಚಳದತ್ತೆ ಎಂದು ಕರೆಯುತ್ತಿದ್ದರು. ಯಾರ ಮನೆಗೆ ಹೋಗಲಿ, ಕುಶಲ ಕೇಳುತ್ತ ಕೇಳುತ್ತಲೇ ಅವಳ ಕೈ ಹತ್ತಿರದ ಪಾತ್ರೆಯ ಮುಚ್ಚಳ ಎತ್ತಿರುತ್ತಿತ್ತು. ಆಸೆಬುರುಕತನವೆಂದು ತಿಳಿಯಬಾರದು. ಒಳಗೆ ಏನಿದೆ ಎಂದು ತಿಳಿಯುವುದು ಅವಳಿಗೆ ಬೇಕಿರಲಿಲ್ಲ. ಇದೆ ಎಂದು ಅವರು ಹೇಳಿದ್ದು ನಿಜವಾಗಿಯೂ ಇದೆಯೋ ಎಂದು ತಿಳಿಯುವುದು ಬೇಕಿತ್ತು. ಬೆಳಗಾಯಿತು ಎಂದರೆ ಹೊರಗೆ ಹೋಗಿ ನೋಡಿ ಬರುವ ಜಾತಿ. ಅವಳ ಗಂಡ ನಲವತ್ತು ವರ್ಷ ತಗಡು ಬಡಿದು ಬಡಿದು ಕಿವಿ ಮಂದ ಮಾಡಿಕೊಂಡಿದ್ದ. ಬೀದಿಯವರು ಅದನ್ನು ಅವನ ಪುಣ್ಯವೆಂದೇ ಎಣಿಸುತ್ತಿದ್ದರು.

ಮಗನಿಗೆ ಮದುವೆಯಾಯಿತು. ಸೊಸೆ ಎರಡು ದಿನದ ದಾರಿಯ ಆಚೆಯಿಂದ ಬಂದಳು. ಹೆಚ್ಚು ಮಾತಿಲ್ಲ, ಮೆಟ್ಟಿಲು ಇಳಿದರೂ ಎಣಿಸಿಕೊಂಡು ಇಳಿಯುವ ಹುಡುಗಿ. ಮದುವೆಯ ದಿನ ಅವಳ ರೆಪ್ಪೆಗೆ ತೀಡಿದ್ದ ಹಸಿರನ್ನು ಎಲ್ಲರೂ ಮೆಚ್ಚಿದರು. ಮುಚ್ಚಳದತ್ತೆ ಒಬ್ಬಳು ಮಾತ್ರ ಹುಬ್ಬು ಗಂಟಿಕ್ಕಿದಳು. ಆ ಹಸಿರಿನಲ್ಲಿ ನೀಲಿಯ ನೆರಳು ಒಂದು ಕೂದಲೆಳೆ ಹೆಚ್ಚಾಗಿತ್ತು.

ಅವಳ ಓರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ, ಪಕ್ಕದ ಮನೆಯವಳು. ಗಾಳಿ ಬಂದ ಕಡೆ ತೂರಿಕೊಳ್ಳುವುದರಲ್ಲಿ ಅವಳಿಗೆ ಸಾಟಿಯಿರಲಿಲ್ಲ.

“ಅಕ್ಕ, ಸೊಸೆ ರೆಪ್ಪೆ ನೋಡಿದ್ರಾ?” ಎಂದಳು ಕಿವಿಯ ಹತ್ತಿರ ಬಂದು.

“ನೋಡಿದೆ.”

“ಅವರ ಊರಿಗೆ ಗುಡ್ಡ ಹತ್ತಿರವಂತೆ. ನಾನೇನೂ ಹೇಳಲ್ಲಪ್ಪ. ಹತ್ತಿರ ಅಂತ ಕೇಳಿದೆ, ಅಷ್ಟೇ.”

ಅಷ್ಟೇ ಸಾಕಾಯಿತು. ಗುಡ್ಡದಲ್ಲಿ ಹಸಿರು ಕಲ್ಲು ಸಿಗುತ್ತಿತ್ತು. ಅದನ್ನು ಅರೆದರೂ ರೆಪ್ಪೆಬಣ್ಣವಾಗುತ್ತಿತ್ತು. ಕಲ್ಲು ಅರೆಯುವವರನ್ನು ತಗಡಿನವರು ತಮ್ಮ ಸಮಕ್ಕೆ ಕೂರಿಸುತ್ತಿರಲಿಲ್ಲ. ಹುಡುಗಿಯ ಕಡೆಯವರು ಕಲ್ಲಿನವರಾಗಿದ್ದು, ಹೊಸ ತಾಮ್ರಕ್ಕೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು, ಹೆಪ್ಪು ಹಿಡಿದ ತಗಡೆಂದು ಕೊಟ್ಟಿದ್ದರೆ?

ಮದುವೆ ಮುಗಿದ ವಾರಕ್ಕೆ ಮಗ ಹಸಿರಿನ ಉಂಡೆಗಳನ್ನು ಹೊತ್ತು ದೂರದ ಊರುಗಳಿಗೆ ಹೊರಟ. ಸೊಸೆಯ ತಗಡುಗಳನ್ನು ಹೂಡುವ ದಿನ ಚೂರಿಯಜ್ಜಿ ಬಂದಳು. ಬೀದಿಯ ಹಸಿರನ್ನೆಲ್ಲ ಪರೀಕ್ಷೆ ಮಾಡುವವಳು ಅವಳು. ಒಣಗಿದ ಉಂಡೆಗೆ ಚೂರಿಯ ಮೊನೆ ಒತ್ತಿ, ಮೊನೆ ಇಳಿಯದಿದ್ದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು ಎಂದು ಅವಳು ಹೇಳಿದ ಮೇಲೆ ಮೇಲ್ಮಾತಿಲ್ಲ. ಅವಳ ಎದುರಿನಲ್ಲಿಯೇ ಗುಡಾಣ ತುಂಬಿ ಮುಚ್ಚಳ ಕಟ್ಟಿದರು.

ಮುಚ್ಚಳದತ್ತೆ ಎರಡು ದಿನ ತಡೆದಳು. ಮೂರನೆಯ ದಿನ ಸೊಸೆ ನೀರಿಗೆ ಹೋದಾಗ ನೆಲಮಾಳಿಗೆಗೆ ಇಳಿದು ಹುರಿ ಬಿಚ್ಚಿದಳು. ತೆರೆಯುವುದು ಬೇರೆ, ಇಣುಕುವುದು ಬೇರೆ ಎಂಬುದು ಅವಳ ಸಿದ್ಧಾಂತ. ತನ್ನ ಸ್ವಂತ ಗುಡಾಣಗಳನ್ನೂ ಅವಳು ಮೂವತ್ತು ವರ್ಷದಿಂದ ದಿನಕ್ಕೊಮ್ಮೆ ಇಣುಕುತ್ತಲೇ ಬಂದಿದ್ದಳು. ಹಸಿರು ಒಂದು ಸಲವೂ ಮುನಿಸಿಕೊಂಡಿರಲಿಲ್ಲ. ಮೇಲಿನ ಸಾಲಿನಿಂದ ಒಂದು ತಗಡು ಎತ್ತಿ ಅದರ ಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಕಲ್ಲಿನ ಪುಡಿಯಾದರೆ ಒದ್ದೆ ಬಟ್ಟೆಗೇ ಬಿಡಬೇಕು. ಬಿಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸಿ, ಮನಸ್ಸಿನಲ್ಲೇ ಕ್ಷಮೆ ಕೇಳಿ ಮೇಲೆ ಬರುತ್ತಿದ್ದರು. ಮುಚ್ಚಳದತ್ತೆ, “ಅಂಟು ಗಟ್ಟಿ ಹಾಕಿದಾರೆ” ಎಂದುಕೊಂಡಳು. ಹಿಡಿ ಬೂದಿಗೆ ನಾಲ್ಕು ಹನಿ ಹುಳಿ ಬೆರೆಸಿ, ಹೆಬ್ಬೆರಳೂರಿ ಉಜ್ಜಿದಳು. ಹಸಿರು ಬಿಟ್ಟು ಕೆಂಪು ತಾಮ್ರ ಕಂಡಿತು. “ನೋಡಿದೆಯಾ!” ಎಂದಳು ಯಾರಿಗೋ.

ಬೂದಿ ಹುಳಿ ಹಾಕಿ ಉಜ್ಜಿದರೆ ಯಾವ ಹಸಿರಾದರೂ ಬಿಡುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆದರೂ ಒಂದು ತಗಡು ನೋಡಿ ತೀರ್ಮಾನಿಸುವುದು ನ್ಯಾಯವಲ್ಲವೆಂದು ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು ಎಂದು ಒಂಬತ್ತನೆಯ ದಿನದವರೆಗೆ ಏಳು ತಗಡುಗಳ ಮೂಲೆ ಉಜ್ಜಿದಳು. ಅನುಮಾನ ಪಡುವಾಗಲೂ ಅವಳು ಬಲು ನ್ಯಾಯವಂತೆ.

ಹತ್ತನೆಯ ದಿನ ಮುಚ್ಚಳ ತೆಗೆದಾಗ ಹುಳಿಯ ಕಪ್ಪು ಬಿಟ್ಟರೆ ತಗಡಿನ ಮೇಲೆ ಏನೂ ಇರಲಿಲ್ಲ. ಎಣ್ಣೆದೀಪದ ಬೆಳಕಿನಲ್ಲಿ, ಆ ಕಪ್ಪಿನ ನಡುವೆ, ಉಜ್ಜಿದ ಮೂಲೆಗಳು ಚೂರಿಯಜ್ಜಿಯ ಕಣ್ಣಿಗೂ ಬೀಳಲಿಲ್ಲ.

“ಮೂಕ” ಎಂದಳು ಚೂರಿಯಜ್ಜಿ. “ಇನ್ನೆರಡು ಸುತ್ತು ಇದೆ ಮಗಳೇ, ಎದೆಗೆಡಬೇಡ.”

ಸೊಸೆ ತಗಡುಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಎಣಿಸಿ ಇಟ್ಟಳು. ಅವಳು ಎಣಿಸಿದ ರೀತಿ ಅತ್ತೆಗೆ ಹಿಡಿಸಲಿಲ್ಲ. ಕಳ್ಳರ ಮನೆಗೆ ಬಂದವರು ಎಣಿಸುವ ಹಾಗಿತ್ತು.

ಆ ಸಂಜೆ ಗಂಡನಿಗೆ ಊಟ ಬಡಿಸುತ್ತ ಅತ್ತೆ ಹೇಳಿದಳು: “ತಗಡು ಸುಳ್ಳು. ನಾನು ಅವತ್ತೇ ಹೇಳ್ಲಿಲ್ವಾ?”

“ಆಂ?”

“ತಗಡು ಸುಳ್ಳು ಅಂದೆ.”

“ಸುತ್ತಿಗೆ ನಿನ್ನೆ ತಾನೇ ಕಾಯಿಸಿ ಸರಿ ಮಾಡಿದೀನಿ” ಎಂದು ಅವನು ತುತ್ತು ಬಾಯಿಗಿಟ್ಟ.

ಎರಡನೆಯ ಸುತ್ತು ಹೂಡಿದರು. ಈ ಸಲ ಅತ್ತೆಗೆ ಎರಡು ದಿನವೂ ತಡೆಯಲಾಗಲಿಲ್ಲ. ಎರಡನೆಯ ದಿನದಿಂದಲೇ ದಿನಕ್ಕೊಂದು ಮೂಲೆ. ಐದನೆಯ ದಿನ ಬೆಳಿಗ್ಗೆ ಗುಡಾಣದ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಹುರಿಗೆ ಕಣ್ಣು ಹತ್ತಿರ ತಂದು ನೋಡಿದಳು. ಅವಳು ಹುರಿಯನ್ನು ಎಡಕ್ಕೆ ಎರಡು ಸುತ್ತು ಹಾಕಿ ಗಂಟಿಕ್ಕುವವಳು. ಎದುರಿಗಿದ್ದ ಗಂಟು ಬಲಕ್ಕೆ ಸುತ್ತಿತ್ತು.

ಯಾರೋ ಮುಚ್ಚಳ ತೆಗೆದಿದ್ದಾರೆ! ತನ್ನ ಮನೆಯ ಗುಡಾಣ, ತನ್ನ ಸೊಸೆಯ ತಗಡು, ಅದನ್ನು ಬಂದು ಇಣುಕುವ ಧೈರ್ಯ ಯಾರಿಗೆ? ತಾನು ಕಳ್ಳ ಪರರನ್ನು ನಂಬ ಎಂಬ ಗಾದೆ ಆ ಹೊತ್ತಿನಲ್ಲಿ ಅವಳಿಗೆ ನೆನಪಾಗಲಿಲ್ಲ, ಓರಗಿತ್ತಿ ನೆನಪಾದಳು. ಎರಡು ಮನೆಗಳ ನೆಲಮಾಳಿಗೆಗೂ ನಡುವೆ ಒಂದು ಹಳೆಯ ಬಾಗಿಲು ಇತ್ತು. ಆ ದಿನದ ಮೂಲೆಯನ್ನು ಉಜ್ಜುವುದನ್ನು ಮಾತ್ರ ಮರೆಯದೆ, ಎಡಗಂಟು ಹಾಕಿ ಮೇಲೆ ಬಂದಳು.

ಮಾರನೆಯ ದಿನ ಕೆಲಸವಿದೆಯೆಂದು ಹೇಳಿ ಹೊರಟಂತೆ ಮಾಡಿ, ಹಿತ್ತಲಿಂದ ಸುತ್ತಿ ಬಂದು, ಖಾಲಿ ಗುಡಾಣಗಳ ಹಿಂದೆ ಅಡಗಿ ಕೂತಳು. ಹುಳಿಯ ಘಾಟಿಗೆ ಮೂಗು ಸುರಿಯಿತು. ಸೀನು ಬಂದಾಗ ಸೆರಗು ಕಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಿನ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಬಂದದ್ದು ಪಕ್ಕದ ಬಾಗಿಲಿನಿಂದಲ್ಲ, ಮೇಲಿನಿಂದ. ಸೊಸೆ ಗುಡಾಣದ ಮುಂದೆ ದೀಪವಿಟ್ಟು, ಹುರಿ ಬಿಚ್ಚಿ, ತಗಡುಗಳನ್ನು ಎತ್ತಿ ಎತ್ತಿ ಮೂಲೆ ನೋಡತೊಡಗಿದಳು.

“ಒಂಬತ್ತು... ಹತ್ತು... ನಿನ್ನೆ ಇನ್ನೊಂದು ಉಜ್ಜಿದಾಳೆ, ಹನ್ನೊಂದು.”

ಅತ್ತೆ ಗುಡಾಣಗಳ ನಡುವಿನಿಂದ ಎದ್ದಳು. “ಸಿಕ್ಕಿಬಿದ್ದೆ ನೋಡು! ಹತ್ತು ದಿನ ಮುಟ್ಟಬಾರದು ಅಂತ ನಿಮ್ಮಮ್ಮ ಹೇಳಿಕೊಟ್ಟಿಲ್ವೇನೇ?”

ಸೊಸೆ ಬೆಚ್ಚಿದಳು, ಆದರೆ ತಗಡನ್ನು ಕೈಬಿಡಲಿಲ್ಲ. “ನೀವು ಇಲ್ಲೇನು ಮಾಡ್ತಾ ಇದ್ದೀರಿ ಅತ್ತೆ?”

“ನನ್ನ ಮನೆ. ನಾನು ಎಲ್ಲಿ ಬೇಕಾದರೂ ಕೂರ್ತೀನಿ.”

“ಖಾಲಿ ಗುಡಾಣದ ಹಿಂದೆ?”

“ಅದೂ ನನ್ನ ಗುಡಾಣವೇ.”

“ಸರಿ. ಹಾಗಾದರೆ ಈ ಮೂಲೆ ಯಾರದ್ದು ಹೇಳಿ” ಎಂದು ಸೊಸೆ ತಗಡನ್ನು ದೀಪದ ಮುಂದೆ ಹಿಡಿದಳು. ಹುಳಿಯ ಕಪ್ಪಿನ ನಡುವೆ ಒಂದು ಹೆಬ್ಬೆರಳಿನಗಲ ಕೆಂಪಗಿತ್ತು. “ಮೊದಲ ಸುತ್ತಲ್ಲಿ ಏಳು, ಈಗ ನಾಲ್ಕು. ನನ್ನ ಹೆಪ್ಪು ಕೆರೆದು ನಿಮ್ಮ ಗುಡಾಣಕ್ಕೆ ಹಾಕ್ಕೊಳ್ತಾ ಇದ್ದೀರಿ ಅಂತ ನಾನು ಮೊನ್ನೆಯಿಂದ ಬಂದು ಎಣಿಸ್ತಾ ಇದ್ದೆ. ಹೌದೋ ಅಲ್ವೋ?”

ಮುಚ್ಚಳದತ್ತೆಗೆ ಜೀವಮಾನದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಅನುಮಾನ ಪಡುವುದು ಆ ಮನೆಯಲ್ಲಿ ಅವಳೊಬ್ಬಳ ಹಕ್ಕಾಗಿತ್ತು. “ನಿನ್ನ ಹೆಪ್ಪು ನನಗ್ಯಾಕೇ? ನಮ್ಮಜ್ಜಿಯ ತಗಡು ಇದಾವೆ ನನ್ನ ಹತ್ತಿರ. ನಿನ್ನದು ಕಲ್ಲಿನ ಪುಡಿಯೋ ಏನೋ ಅಂತ ಉಜ್ಜಿ ನೋಡಿದೆ, ಅಷ್ಟೇ.”

“ದಿನಾ?”

“ದಿನಾ ಅಂದ್ರೆ ಏನು, ಇಣುಕಿದೆ. ತೆರೆಯೋದು ಬೇರೆ, ಇಣುಕೋದು ಬೇರೆ.”

“ಆ ವ್ಯತ್ಯಾಸ ಗುಡಾಣಕ್ಕೆ ಗೊತ್ತಾ ಅತ್ತೆ?”

“ನನ್ನ ಗುಡಾಣ ನಾನು ದಿನಾ ಇಣುಕ್ತೀನಿ. ಹಸಿರು ಬರಲ್ವಾ?”

“ನಿಮ್ಮದು ನಿಮ್ಮಜ್ಜಿ ಕಾಲದ ತಗಡು, ಒಲೆಯಿಂದ ಇಳಿಸಿದ ಕಲ್ಲಿನ ಪಾತ್ರೆಯ ಹಾಗೆ, ಕಾವು ಅದರೊಳಗೇ ಇರುತ್ತೆ. ನನ್ನದು ನಾನು ಹುಟ್ಟಿದ ವರ್ಷ ಬಡಿಸಿದ್ದು. ಹದಿನೆಂಟು ವರ್ಷದ ಹೆಪ್ಪು. ಬೆಳಿಗ್ಗೆ ನೀವು ತೆರೆದು, ಮಧ್ಯಾಹ್ನ ನಾನು ತೆರೆದರೆ...” ಅಷ್ಟು ಹೇಳಿ ಸೊಸೆ ತಾನೇ ನಿಂತುಬಿಟ್ಟಳು.

ಇಬ್ಬರೂ ಗುಡಾಣದ ಕಡೆಗೆ ನೋಡಿದರು. ಅದು ಬಾಯಿ ತೆರೆದುಕೊಂಡು, ಇದ್ದಬದ್ದ ಕಾವನ್ನೆಲ್ಲ ಅವರ ಮುಖದ ಮೇಲೆ ಬಿಡುತ್ತ ನಿಂತಿತ್ತು. ಸೊಸೆ ತಟಕ್ಕನೆ ಮುಚ್ಚಳ ಮುಚ್ಚಿದಳು. ತಡವಾಗಿತ್ತು, ಎರಡನೆಯ ಸುತ್ತೂ ಹೋಯಿತೆಂದು ಇಬ್ಬರಿಗೂ ತಿಳಿಯಿತು.

“ಚೂರಿಯಜ್ಜಿಗೆ ಹೇಳ್ತೀಯಾ?” ಎಂದಳು ಅತ್ತೆ.

“ಹೇಳಿದರೆ ನಂಬೋರು ಯಾರು? ನಾನು ಬಂದು ತಿಂಗಳಾಗಿಲ್ಲ.” ಸೊಸೆ ದೀಪ ಎತ್ತಿಕೊಂಡಳು. “ಅವರು ಊರಿಂದ ಬರೋ ಹೊತ್ತಿಗೆ ನಾನು ಈ ಮನೇಲಿ ಇರ್ತೀನೋ ಇಲ್ವೋ, ಅದು ಮೂರನೇ ಸುತ್ತಿನ ಕೈಲಿದೆ. ನಿಮ್ಮ ಕೈಲಿ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ.”

ನಿರೀಕ್ಷೆಯಂತೆಯೇ ಎರಡನೆಯ ಸುತ್ತೂ ಮೂಕವಾಯಿತು. ಚೂರಿಯಜ್ಜಿ ಈ ಸಲ “ಮಗಳೇ” ಎನ್ನಲಿಲ್ಲ. ಓರಗಿತ್ತಿ ಬಾಗಿಲಲ್ಲಿ ನಿಂತು, “ಪಾಪ, ಗುಡ್ಡದ ಕಡೆಯವರು. ತಾಮ್ರಕ್ಕೂ ಹೊಸ ಊರಿನ ನೀರು ಒಗ್ಗಬೇಕಲ್ಲ” ಎಂದಳು. ಗಾಯಕ್ಕೆ ಉಪ್ಪು ಸವರುವಾಗಲೂ ಅವಳ ದನಿ ಬೆಣ್ಣೆಯಷ್ಟು ಮೆತ್ತಗೆ.

ಮೂರನೆಯ ಸುತ್ತು ಹೂಡುವ ಮುನ್ನ ಮುಚ್ಚಳದತ್ತೆ ತಗಡುಗಳ ಮುಂದೆ ಒಬ್ಬಳೇ ಕೂತು ಲೆಕ್ಕ ಹಾಕಿದಳು. ಇಣುಕದೆ ಇದ್ದರೆ ಈ ಸಲ ಹಸಿರು ಏಳುತ್ತದೆ. ಅದರಲ್ಲಿ ಅವಳಿಗೆ ಈಗ ಸಂದೇಹವಿರಲಿಲ್ಲ. ಆದರೆ ಹಸಿರು ಎದ್ದರೆ ಅದು ಹೆಪ್ಪು ಇದ್ದ ಕಡೆ ಮಾತ್ರ ಏಳುತ್ತದೆ. ಹನ್ನೊಂದು ತಗಡಿನ ಹನ್ನೊಂದು ಮೂಲೆ ಬೋಳಾಗಿ, ಕೆಂಪಾಗಿ, ಹೆಬ್ಬೆರಳಿನ ಆಕಾರದಲ್ಲಿ ಉಳಿಯುತ್ತದೆ. ಚೂರಿಯಜ್ಜಿ ಅದನ್ನು ನೋಡಿದರೆ ಕೇಳದೆ ಬಿಡುವವಳಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಆ ಬೀದಿಯಲ್ಲಿ ಯಾರ ಹೆಬ್ಬೆರಳು ಯಾವ ಮುಚ್ಚಳದ ಕೆಳಗೆ ಹೋಗುತ್ತದೆಂದು ಹೇಳುವುದಕ್ಕೆ ಶಾಸ್ತ್ರ ಬೇಡ. ಬಾಯಿ ಮುಚ್ಚಿಕೊಂಡು ಮೂರನೆಯ ಸುತ್ತನ್ನೂ ಇಣುಕಿ ಕೆಡಿಸಿದರೆ ಮೂಲೆಗಳೂ ಕಾಣುವುದಿಲ್ಲ, ಸೊಸೆಯೂ ಕಾಣುವುದಿಲ್ಲ. ಆ ಆಲೋಚನೆ ಬಂದದ್ದು ನಿಜ. ಕತೆ ಹೇಳುವವರಲ್ಲಿ ಕೆಲವರು ಇದನ್ನು ಬಿಟ್ಟು ಹೇಳುತ್ತಾರೆ, ಆದರೆ ಬಿಡುವುದು ಸರಿಯಲ್ಲ.

ಅವಳನ್ನು ತಡೆದದ್ದು ಸೊಸೆಯ ಎಣಿಕೆ. ಈ ಮನೆಯ ಕೆಲಸಕ್ಕೆ ಹೇಳಿ ಮಾಡಿಸಿದ ಹುಡುಗಿ. ಹುಳಿಯ ಕಪ್ಪಿನಲ್ಲಿ ಬೇರೆ ಯಾರಿಗೂ ಕಾಣದ ಹನ್ನೊಂದು ಮೂಲೆ ಅವಳಿಗೆ ಕಂಡಿತ್ತು. ಅಂಥವಳನ್ನು ತವರಿಗೆ ಕಳಿಸಿ, ಆಮೇಲೆ ಯಾರ ಮುಖ ನೋಡಿಕೊಂಡು ಬದುಕುವುದು? ಓರಗಿತ್ತಿಯದ್ದೇ?

ಅತ್ತೆ ಎದ್ದು ತನ್ನ ಅಜ್ಜಿಯ ತಗಡುಗಳಲ್ಲೊಂದನ್ನು ತಂದಳು. ಅದರ ಮೇಲಿನ ಹಸಿರನ್ನು ಅಲಗಿನ ತುದಿಯಿಂದ ಕೆರೆದು, ಹುಳಿಯಲ್ಲಿ ನೆನೆಸಿ, ಸೊಸೆಯ ತಗಡಿನ ಬೋಳು ಮೂಲೆಗಳಿಗೆ ಒಂದೊಂದಾಗಿ ತಿಕ್ಕಿದಳು. ಪರೀಕ್ಷೆಯ ತಗಡಿಗೆ ಹೊರಗಿನ ಹೆಪ್ಪು ಸೋಕಿಸುವುದು ಆ ಬೀದಿಯಲ್ಲಿ ದೊಡ್ಡ ಕಳ್ಳತನ. ಯಾವುದನ್ನು ಸೊಸೆಯ ತವರಿನವರು ಮಾಡಿದ್ದಾರೆಂದು ಅವಳು ಇಪ್ಪತ್ತು ದಿನ ನಿದ್ದೆಗೆಟ್ಟಿದ್ದಳೋ ಅದನ್ನೇ ತಾನು ಮಾಡಿದಳು. ಸೊಸೆಗೆ ಹೇಳಲಿಲ್ಲ. ಅವಳ ಬಾಯಿ ಎಷ್ಟು ಗಟ್ಟಿಯೋ ಯಾರಿಗೆ ಗೊತ್ತು?

ಆ ಹತ್ತು ದಿನ ಮುಚ್ಚಳದತ್ತೆ ಪಟ್ಟ ಪಾಡು ಬೇರೆ ಯಾರಿಗೂ ಬೇಡ. ಅಡುಗೆಮನೆಯ ಮುಚ್ಚಳಗಳನ್ನೆಲ್ಲ ಎತ್ತಿ ಎತ್ತಿ ಇಟ್ಟಳು. ಗಂಡನ ಉಪಕರಣದ ಪೆಟ್ಟಿಗೆ ತೆರೆದು ನೋಡಿದಳು. ನೆಲಮಾಳಿಗೆಯ ಮೆಟ್ಟಿಲಿಗೆ ಮಾತ್ರ ಕಾಲಿಡಲಿಲ್ಲ. ಮೇಲಿನ ಮೆಟ್ಟಿಲಲ್ಲೇ ಕೂತಿರುತ್ತಿದ್ದಳು, ಸೊಸೆ ಇಳಿಯದಂತೆ ಕಾಯುವುದಕ್ಕೆ. ಸೊಸೆ ಅವಳ ಪಕ್ಕದಲ್ಲೇ ಕೂತಿರುತ್ತಿದ್ದಳು, ಅತ್ತೆ ಇಳಿಯದಂತೆ ಕಾಯುವುದಕ್ಕೆ. ಒಬ್ಬಳು ಏಳಬೇಕಾದರೆ ಇನ್ನೊಬ್ಬಳೂ ಏಳುವಳು. ಒಬ್ಬಳು ತರಕಾರಿ ಹೆಚ್ಚಿದರೆ ಇನ್ನೊಬ್ಬಳು ಅಲ್ಲಿಯೇ ಕೂತು ಬಟ್ಟೆ ಹೊಲಿಯುವಳು.

ಮಾವ ಬಂದು ನೋಡಿ ಹೋದ. ಮತ್ತೆ ಬಂದು ನೋಡಿದ. “ಏನು, ಇಬ್ಬರೂ ಮೆಟ್ಟಿಲಿಗೆ ಕಾವು ಕೂತಿದ್ದೀರಾ? ಮರಿ ಯಾವಾಗ?” ಎಂದ. ಸೊಸೆ ಸೆರಗಿನಲ್ಲಿ ನಕ್ಕಳು. ಅತ್ತೆಗೂ ನಗು ಬಂತು. ಆದರೆ ಈ ನಗುವಿನ ಸಂದಿಯಲ್ಲಿ ಹುಡುಗಿ ಕೆಳಗಿಳಿದರೆ ಎಂದು ಕಣ್ಣು ಕೀಳಲಿಲ್ಲ.

ಹತ್ತನೆಯ ದಿನ ಚೂರಿಯಜ್ಜಿ ಬಂದಳು. ಓರಗಿತ್ತಿ ಕರೆಯದೆಯೇ ಬಂದಳು, ಬೀದಿಯ ಇನ್ನೂ ನಾಲ್ಕು ಹೆಂಗಸರನ್ನು ಕರೆದುಕೊಂಡೇ ಬಂದಳು. ಮುಚ್ಚಳ ಎತ್ತುತ್ತಿದ್ದ ಹಾಗೆ ಬಿಸಿ ಹಬೆ ಮೇಲೆದ್ದಿತು. ಮೊದಲ ತಗಡು ಹೊರಬಂತು. ಅಂಚಿನಿಂದ ಅಂಚಿಗೆ ಎಳೆಯ ಹಸಿರು, ನೀಲಿಯ ನೆರಳು ಒಂದು ಕೂದಲೆಳೆ ಹೆಚ್ಚಾದ ಹಸಿರು.

“ಎದ್ದಿದೆ” ಎಂದಳು ಚೂರಿಯಜ್ಜಿ. ಎರಡನೆಯದನ್ನು ಎತ್ತಿದಳು, ಮೂರನೆಯದನ್ನು ಎತ್ತಿದಳು. ನಾಲ್ಕನೆಯದಕ್ಕೆ ಅವಳ ಕೈ ನಿಂತಿತು. ತಗಡನ್ನು ಕಿಂಡಿಯ ಬೆಳಕಿಗೆ ಒಯ್ದು, ಚೂರಿಯ ಮೊನೆಯಿಂದ ಮೂಲೆಯನ್ನು ಮುಟ್ಟಿದಳು. ಅಲ್ಲಿ ಹಸಿರು ಮಖಮಲ್ಲಿನ ಹಾಗೆ ದಪ್ಪಗೆ, ಕಪ್ಪಿಗೆ ತಿರುಗಿದಂತೆ ಎದ್ದಿತ್ತು.

“ಈ ತಗಡು ಮೊಮ್ಮಗಳು. ಈ ಮೂಲೆ ಅಜ್ಜಿ” ಎಂದಳು. “ಒಂದೇ ತಗಡಿಗೆ ಎರಡು ವಯಸ್ಸು ಹೇಗಾಯ್ತು?”

ಇಪ್ಪತ್ತನಾಲ್ಕನ್ನೂ ಹರಡಿದರು. ಹನ್ನೊಂದು ತಗಡುಗಳಲ್ಲಿ ಅಜ್ಜಿಯ ಮೂಲೆ.

“ಅಯ್ಯೋ, ಅಕ್ಕನ ತಗಡಿನ ಹಸಿರು ಇದು” ಎಂದಳು ಓರಗಿತ್ತಿ, ಹತ್ತಿರ ಬಗ್ಗಿ. “ಈ ಬಣ್ಣ ನನಗೆ ಗೊತ್ತಿಲ್ವಾ? ಎರಡು ಸುತ್ತು ಬರದೇ ಇದ್ದದ್ದು ಮೂರನೇದರಲ್ಲಿ ಧುತ್ತಂತ ಹೇಗೆ ಬಂತು ಅಂತ ನೋಡ್ತಾ ಇದ್ದೆ. ಅತ್ತೆಮನೆ ಹೆಪ್ಪಿಗೇ ಕೈ ಹಾಕಿದಾಳಲ್ಲ ಈ ಹುಡುಗಿ!”

ಎಲ್ಲರ ಕಣ್ಣೂ ಸೊಸೆಯ ಕಡೆಗೆ ತಿರುಗಿತು. ಸೊಸೆಯ ಕಣ್ಣು ಮಾತ್ರ ಅತ್ತೆಯ ಕಡೆಗೆ ತಿರುಗಿತು. ಆ ನೋಟವನ್ನು ಮುಚ್ಚಳದತ್ತೆ ಅಕ್ಷರದ ಹಾಗೆ ಓದಿದಳು. ಮೂವತ್ತು ವರ್ಷ ಅವಳು ಲೋಕವನ್ನು ನೋಡಿದ್ದು ಅದೇ ನೋಟದಿಂದ. ಹುಡುಗಿ ಅಂದುಕೊಳ್ಳುತ್ತಿದ್ದಾಳೆ: ಹಸಿರು ಏಳುವುದನ್ನು ತಡೆಯಲಾಗದೆ ಅತ್ತೆ ಈ ಬಲೆ ಹೂಡಿದಳು. ತನ್ನನ್ನು ಬರಿಗೈಯಲ್ಲಿ ಕಳಿಸಿದರೆ ಸಾಲದೆಂದು ಕಳ್ಳಿಯ ಹೆಸರು ಹೊರಿಸಿ ಕಳಿಸುವುದಕ್ಕೆ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅತ್ತೆಯ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಹೊರಗಿನ ಹೆಪ್ಪು ಸೋಕಿದ್ದನ್ನು ಮೊದಲು ಕಂಡುಹಿಡಿಯಬೇಕಾದವಳೇ ಅವಳು, ಅವಳು ತಾನೇ ಸೋಕಿಸುತ್ತಾಳೆಯೇ? ಚೂರಿಯಜ್ಜಿ ಉಳಿದ ತಗಡುಗಳ ಕಡೆಗೆ ನೋಡದೆ ಚೂರಿಯನ್ನು ಒರೆಸಿ ಸೊಂಟಕ್ಕೆ ಸಿಕ್ಕಿಸುವುದರಲ್ಲಿದ್ದಳು. ತೀರ್ಪು ಹೇಳುವ ಮುನ್ನ ಅವಳು ಮಾಡುವ ಕೆಲಸ ಅದು.

“ಅಜ್ಜಿ” ಎಂದಳು ಮುಚ್ಚಳದತ್ತೆ. “ಹುಡುಗೀದಲ್ಲ ಅದು. ನನ್ನ ಕೈ.”

“ಏನಂದೆ?”

“ಮೂಲೆ ಉಜ್ಜಿದ್ದೂ ನಾನು, ಹೆಪ್ಪು ತಿಕ್ಕಿದ್ದೂ ನಾನು. ಎರಡು ಸುತ್ತು ಕೆಟ್ಟದ್ದೂ ನನ್ನಿಂದ. ದಿನಾ ಇಣುಕಿದೆ.” ಸೊಸೆಯೂ ಇಣುಕಿದ್ದಳೆಂಬ ಮಾತು ತುಟಿಯವರೆಗೆ ಬಂದಿತು. ಅವಳು ಅದನ್ನು ನುಂಗಿದಳು. ನುಂಗಿದ್ದು ಅವಳಿಗೆ ಅಭ್ಯಾಸವಿಲ್ಲದ ಪದಾರ್ಥವಾದ್ದರಿಂದ ಕೆಮ್ಮು ಬಂತು.

ಚೂರಿಯಜ್ಜಿ ಒಂದು ತಗಡು ಮುಂದೆ ಹಿಡಿದು, “ಹೆಬ್ಬೆರಳು ಇಡು” ಎಂದಳು. ಅತ್ತೆ ಇಟ್ಟಳು. ದಪ್ಪ ಹಸಿರಿನ ಅಂಚಿಗೆ ಸರಿಯಾಗಿ, ಉಂಗುರಕ್ಕೆ ಬೆರಳು ಕೂರುವಂತೆ ಕೂತಿತು. ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅಷ್ಟಕ್ಕೆ ಕಟ್ಟೆಯೊಡೆದಂತೆ ಎಲ್ಲರೂ ನಗತೊಡಗಿದರು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಓರಗಿತ್ತಿ ಹೇಳಿದ ಮಾತು ಊಟದ ಹೊತ್ತಿಗೆ ಬೀದಿಯ ಕೊನೆ ಮುಟ್ಟಿತ್ತು.

ಚೂರಿಯಜ್ಜಿ ನಗಲಿಲ್ಲ. ಹೆಬ್ಬೆರಳು ಸೋಕದ ಹದಿಮೂರು ತಗಡುಗಳನ್ನು ಬೇರೆ ಮಾಡಿ, ಅವುಗಳ ಹಸಿರನ್ನು ಹೆರೆಸಿ, ಉಂಡೆ ಕಟ್ಟಿಸಿ, ಒಣಗಿದ ದಿನ ಬಂದು ಚೂರಿ ಒತ್ತಿದಳು. ಮೊನೆ ಇಳಿಯಲಿಲ್ಲ. ಸೊಸೆ ಮನೆಯವಳಾದಳು. ಇನ್ನು ಅತ್ತೆಗೆ ಒಂದು ವರ್ಷ ನೆಲಮಾಳಿಗೆಯ ಮೆಟ್ಟಿಲು ನಿಷಿದ್ಧ. ಅವಳ ಅಜ್ಜಿಯ ತಗಡೂ ಸೇರಿದಂತೆ ಎಲ್ಲ ಗುಡಾಣಗಳೂ ಸೊಸೆಯ ಕೈಗೆ. ಹದಿಮೂರೇ ತಗಡಿನ ಬಲದಿಂದ ನಿಂತವಳೆಂದು ಸೊಸೆಯನ್ನು ಆ ಬೀದಿಯಲ್ಲಿ ಬಹಳ ಕಾಲ ಹದಿಮೂರರವಳು ಎಂದೇ ಕರೆದರಂತೆ.

ಸೊಸೆ ಆ ದಿನದ ವಿಷಯವನ್ನು ಎತ್ತಲಿಲ್ಲ. ಥ್ಯಾಂಕ್ಸ್ ಹೇಳುವ ಪದ್ಧತಿ ಆಗ ಇರಲಿಲ್ಲ. ಇದ್ದಿದ್ದರೂ ಅತ್ತೆ ಅದನ್ನು ತಿರುವಿ ಹಾಕಿ ಕೆಳಗೇನಿದೆ ಎಂದು ನೋಡುತ್ತಿದ್ದಳು. ಅತ್ತೆ ಮೇಲಿನ ಮೆಟ್ಟಿಲಲ್ಲಿ ಕೂತು, ಕೆಳಗಿನಿಂದ ಬರುವ ಸಪ್ಪಳವನ್ನು ಕೇಳುತ್ತ ದಿನ ಕಳೆದಳು. ಸಿಪ್ಪೆ ಸುರಿದದ್ದು, ಮುಚ್ಚಳ ಕೂರಿಸಿದ್ದು, ಹುರಿ ಎಳೆದದ್ದು ಎಲ್ಲವೂ ಕೇಳುತ್ತಿತ್ತು. ಕೇಳದೇ ಇದ್ದದ್ದು ಅವಳನ್ನು ತಿನ್ನುತ್ತಿತ್ತು.

ಒಂದು ಮಧ್ಯಾಹ್ನ ಸೊಸೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. ಮುಖ ಅರಳಿತ್ತು.

“ಈ ಸಲ ಬಹಳ ಚೆನ್ನಾಗಿದೆ ಅತ್ತೆ. ನಿಮ್ಮಜ್ಜಿ ತಗಡಿನ ಮೇಲಂತೂ ಬೆರಳು ಹುಗಿಯೋ ಅಷ್ಟು ದಪ್ಪ.”

ಮುಚ್ಚಳದತ್ತೆ ತಲೆಯೆತ್ತಿ ನೋಡಿದಳು. “ಗುಡಾಣ ಹೂಡಿ ಇವತ್ತಿಗೆ ಎಷ್ಟು ದಿನ?”

“ಆರು” ಎಂದವಳು ಅಲ್ಲಿಯೇ ನಿಂತಳು. ಒರೆಸಿಕೊಳ್ಳುತ್ತಿದ್ದ ಕೈ ಸೆರಗಿನಲ್ಲೇ ಉಳಿಯಿತು.

ಅತ್ತೆ ಅತ್ತಿತ್ತ ನೋಡಿದಳು. ಪಕ್ಕದ ಮನೆಯ ಕಿಟಕಿ ಮುಚ್ಚಿತ್ತು. ಆಮೇಲೆ ಮೆಟ್ಟಿಲಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು.

“ಕೂತ್ಕೋ” ಎಂದಳು ದನಿ ತಗ್ಗಿಸಿ. “ಎಷ್ಟು ದಪ್ಪ ಇದೆ, ಸರಿಯಾಗಿ ಹೇಳು.”